ಹದಿಮೂರನೇ ಜಾಡಿಯ ದುಡ್ಡು

ಎಸ್ತರ್ ಅಫುವಾ ಒಕ್ಲೂ ಅವರ ಬಗ್ಗೆ ಎಲ್ಲಿ ಓದಿದರೂ ಕಥೆ ಒಂದೇ ಕಡೆ ಶುರುವಾಗುತ್ತದೆ. ಘಾನಾ ಇನ್ನೂ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತಾಗಿದ್ದ ಕಾಲ. ಆಗಷ್ಟೇ ಶಾಲೆ ಮುಗಿಸಿದ್ದ ಅವರ ಕೈಗೆ ಬಂಧುಬಳಗದ ಹಿರಿಯರೊಬ್ಬರು ಹತ್ತು ಶಿಲ್ಲಿಂಗ್ ಇಟ್ಟರು. ಆ ದುಡ್ಡಿನಲ್ಲಿ ಕಿತ್ತಳೆ, ಸಕ್ಕರೆ, ಸೌದೆ ಮತ್ತು ಹನ್ನೆರಡು ಗಾಜಿನ ಜಾಡಿ ಕೊಂಡು, ಮಾರ್ಮಲೇಡ್ (ಸಿಪ್ಪೆ ಸಮೇತ ಮಾಡುವ ಕಿತ್ತಳೆ ಜಾಮ್) ಕುದಿಸಿ, ಬೀದಿಯಲ್ಲಿ ನಿಂತು ಮಾರಿದರು. ಎಲ್ಲವೂ ಲಾಭಕ್ಕೆ ಮಾರಿಹೋಯಿತು. ಅದರ ಮುಂದಿನ ಸಾಲಿಗೇ ಅವರು ಕಾರ್ಖಾನೆಯ ಒಡತಿ, ಕೈಗಾರಿಕಾ ಒಕ್ಕೂಟದ ಅಧ್ಯಕ್ಷೆ, ಜಗತ್ತಿನ ಹೆಂಗಸರಿಗೆ ಸಾಲ ಕೊಡಿಸುವ ಸಂಸ್ಥೆಯ ಸ್ಥಾಪಕಿ ಆಗಿಬಿಡುತ್ತಾರೆ.

ನನ್ನನ್ನು ಕಾಡುವುದು ಆ ಎರಡು ಸಾಲುಗಳ ನಡುವಿನ ಖಾಲಿ ಜಾಗ. ಹನ್ನೆರಡು ಜಾಡಿಯ ಲಾಭದಿಂದ ಕಾರ್ಖಾನೆ ಹುಟ್ಟುವುದಿಲ್ಲ. ಹೆಚ್ಚೆಂದರೆ ಮುಂದಿನ ವಾರ ಇಪ್ಪತ್ತು ಜಾಡಿ ಮಾಡಬಹುದು. ಬೀದಿಯಲ್ಲಿ ಕೊಳ್ಳುವವರು ಅಲ್ಲೇ ಕಾಸು ಕೊಡುತ್ತಾರೆ, ಶಾಲೆ, ಸೈನ್ಯ, ಅಂಗಡಿಗಳು ಹಾಗೆ ಕೊಡುವುದಿಲ್ಲ. ಅವರ ವ್ಯವಹಾರ ದೊಡ್ಡದು, ಬಿಲ್ ಪಾಸಾಗುವ ದಾರಿಯೂ ಉದ್ದ. ಸಣ್ಣ ಉದ್ದಿಮೆ ಸೊರಗಿ ಸಾಯುವುದು ಅಲ್ಲೇ, ಗಿರಾಕಿ ಸಿಕ್ಕ ಮೇಲೆ, ದುಡ್ಡು ಬರುವುದಕ್ಕೆ ಮುಂಚೆ. ಒಕ್ಲೂ ಅವರ ಅರವತ್ತು ವರ್ಷಗಳ ದುಡಿಮೆಯನ್ನು ಆ ಸಂದಿಯಿಂದ ನೋಡಿದರೆ, ಬಿಡಿಬಿಡಿಯಾಗಿ ಕಾಣುವ ಸಾಧನೆಗಳೆಲ್ಲ ಒಂದೇ ಸಮಸ್ಯೆಗೆ ಬೇರೆ ಬೇರೆ ಕಾಲದಲ್ಲಿ ಹುಡುಕಿದ ಉತ್ತರಗಳಾಗಿ ಕಾಣುತ್ತವೆ.

ಹನ್ನೆರಡು ಜಾಡಿಗೆ ಏನೇನು ಬೇಕು

ಎಸ್ತರ್ ಹುಟ್ಟಿದ್ದು 1919ರ ಏಪ್ರಿಲ್ 18ರಂದು, ಈಗಿನ ಘಾನಾದ ವೋಲ್ಟಾ ಪ್ರಾಂತ್ಯದ ಪೆಕಿಯಲ್ಲಿ. ತವರಿನ ಹೆಸರು ಎನ್‌ಕುಲೆನು. ತಂದೆ ಕಮ್ಮಾರ, ತಾಯಿ ಮಡಕೆ ಮಾಡುವವರು, ಜೊತೆಗೆ ಹೊಲದ ಕೆಲಸ. ದೂರದ ಶಾಲೆಗೆ ಹಾಕಿದಾಗ ಊಟದ ಖರ್ಚು ಹುಟ್ಟದೆ, ವಾರಕ್ಕೆ ಬೇಕಾದ ದವಸವನ್ನು ಮನೆಯಿಂದಲೇ ಹೊತ್ತೊಯ್ದು ಅಲ್ಲಿ ತಾನೇ ಬೇಯಿಸಿಕೊಂಡು ಓದಿದ ಹುಡುಗಿ. ಗೋಲ್ಡ್ ಕೋಸ್ಟಿನ ಕೋಕೋ ಕೊಳ್ಳುತ್ತಿದ್ದ ಕ್ಯಾಡ್‌ಬರಿ ಕಂಪನಿಯ ವಿದ್ಯಾರ್ಥಿವೇತನ ಸಿಕ್ಕಿ 1936ರಿಂದ 1941ರವರೆಗೆ ಆಕ್ರಾದ ಅಚಿಮೋಟಾ ಶಾಲೆಯಲ್ಲಿ ಓದಿದರು. ಅಚಿಮೋಟಾ ಅಂದರೆ ಆ ಕಾಲದಲ್ಲಿ ಸರ್ಕಾರಿ ನೌಕರಿಯ ಹೆಬ್ಬಾಗಿಲು. ಅಲ್ಲಿ ಓದಿದವಳು ಬೀದಿಯಲ್ಲಿ ಜಾಡಿ ಮಾರುತ್ತಿದ್ದಾಳೆಂದು ಜೊತೆಗೆ ಓದಿದವರೇ ನಕ್ಕರು.

ಆ ಹನ್ನೆರಡು ಜಾಡಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜಾಡಿಯೊಂದಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಹಿಡಿಯುತ್ತದೆ ಅಂತಿಟ್ಟುಕೊಂಡರೆ ಒಟ್ಟು ಐದೂವರೆ ಕಿಲೋ ಮಾರ್ಮಲೇಡ್. ಅದಕ್ಕೆ ಒಂದೂಮುಕ್ಕಾಲು ಕಿಲೋ ಹಣ್ಣು, ಮೂರು ಕಿಲೋಗೂ ಮಿಕ್ಕಿ ಸಕ್ಕರೆ, ನಾಲ್ಕು ಲೀಟರ್ ನೀರು ಬೇಕು. ಇಷ್ಟರಲ್ಲಿ ಆ ಊರಿನಲ್ಲಿ ಅಗ್ಗವಾಗಿ ಸಿಗುತ್ತಿದ್ದದ್ದು ಹಣ್ಣು ಮತ್ತು ನೀರು ಮಾತ್ರ. ಸಕ್ಕರೆ ಹಡಗಿನಲ್ಲಿ ಬರುವ ಮಾಲು. ಗಾಜೂ ಹಾಗೇ; ಅಬೊಸೊದಲ್ಲಿ ಘಾನಾದ್ದೇ ಗಾಜಿನ ಕಾರ್ಖಾನೆ ಬಂದದ್ದು 1960ರ ದಶಕದಲ್ಲಿ. ಒಳಗಿನ ಹಣ್ಣಿಗಿಂತ ಹೊರಗಿನ ಜಾಡಿಯೇ ತುಟ್ಟಿ ಎಂಬುದು ಸಣ್ಣ ಪ್ರಮಾಣದಲ್ಲಿ ಜಾಮ್, ಉಪ್ಪಿನಕಾಯಿ ಮಾಡಿ ಮಾರುವವರೆಲ್ಲ ಬೇಗ ಕಂಡುಕೊಳ್ಳುವ ಸತ್ಯ.

ಮಾಡುವ ಕ್ರಮ ಹೀಗೆ. ಸಿಪ್ಪೆಯನ್ನು ಸಣ್ಣಗೆ ಸೀಳಿ, ಬಿಳಿ ತಿರುಳು ಮತ್ತು ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಎಲ್ಲವನ್ನೂ ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಮಾರ್ಮಲೇಡ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಇರುವುದೇ ಆ ತಿರುಳು, ಬೀಜಗಳಲ್ಲಿ. ಮರುದಿನ ಒಂದೂವರೆ ಎರಡು ಗಂಟೆ ಸಣ್ಣ ಉರಿಯಲ್ಲಿ, ಸಿಪ್ಪೆ ಬೆರಳಿಗೆ ಸಿಕ್ಕರೆ ಹಿಸುಕಿಹೋಗುವಷ್ಟು ಬೇಯಬೇಕು. ಅದಕ್ಕೂ ಮುಂಚೆ ಸಕ್ಕರೆ ಬಿದ್ದರೆ ಸಿಪ್ಪೆ ಚರ್ಮದಂತೆ ಬಿರುಸಾಗಿ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಸಕ್ಕರೆ ಕರಗಿದ ಮೇಲೆ ಉರಿ ಜೋರು ಮಾಡಿ, 104ರಿಂದ 105 ಡಿಗ್ರಿ ಸೆಲ್ಸಿಯಸ್ ತನಕ ತರಬೇಕು. ಆಗ ಒಳಗಿನ ಕರಗಿದ ಅಂಶ ನೂರಕ್ಕೆ 65ರ ಆಸುಪಾಸು ಮುಟ್ಟಿರುತ್ತದೆ, ಬೂಷ್ಟಿಗೆ ಬೆಳೆಯಲು ಬೇಕಾದಷ್ಟು ನೀರು ಉಳಿದಿರುವುದಿಲ್ಲ. ಬೇಗ ಇಳಿಸಿದರೆ ತೆಳ್ಳಗಾಗಿ ಬೂಷ್ಟು ಹಿಡಿಯುತ್ತದೆ. ಅತಿಯಾಗಿ ಕುದಿಸಿದರೆ ಪೆಕ್ಟಿನ್ ಒಡೆದು, ಬಣ್ಣ ಕಂದಿ, ಬೆಲ್ಲದ ಪಾಕದಂತೆ ಅಂಟುತ್ತದೆ.

ಇಂಗ್ಲಿಷರ ಪಾಕವಿಧಾನ ಹುಳಿ, ಕಹಿ ತುಂಬಿದ ಸೆವಿಲ್ ಕಿತ್ತಳೆಗೆ ಹೇಳಿ ಮಾಡಿಸಿದ್ದು. ಉಷ್ಣವಲಯದ ಸಿಹಿ ಕಿತ್ತಳೆಯಲ್ಲಿ ಆಮ್ಲ ಕಡಿಮೆ. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಸಂಖ್ಯೆ) ಮೂರರ ಹತ್ತಿರ ಬಾರದಿದ್ದರೆ ಪೆಕ್ಟಿನ್ ಎಷ್ಟಿದ್ದರೂ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ನಿಂಬೆರಸ ಸೇರಿಸಲೇಬೇಕು. ಹೆಚ್ಚು ಸೇರಿಸಿದರೆ ಹೆಪ್ಪು ಬಿಗಿದು, ಕೆಲವೇ ದಿನದಲ್ಲಿ ಮೇಲೆ ನೀರು ಬಿಡುತ್ತದೆ. ಆಮೇಲೆ ಕರಾವಳಿಯ ತೇವ. ಜಾಡಿಯನ್ನು ಬಿಸಿಯಿರುವಾಗಲೇ ಕಂಠದವರೆಗೆ ತುಂಬದೆ ಬಿಟ್ಟರೆ, ಮುಚ್ಚಳದ ಒಳಗೆ ಹಬೆ ಹನಿಗಟ್ಟಿ ಮೇಲಿನ ಪದರಕ್ಕೆ ಬೀಳುತ್ತದೆ. ಅಲ್ಲಿ ಮಾತ್ರ ಸಕ್ಕರೆಯ ಅಂಶ ಇಳಿದು ಬೂಷ್ಟು ಏಳುತ್ತದೆ. ಗಿರಾಕಿ ಮುಚ್ಚಳ ತೆರೆದಾಗ ಮೊದಲು ಕಾಣುವುದು ಆ ಪದರವೇ. ಒಂದು ಸಲ ಹಾಗೆ ಕಂಡರೆ ‘ನಮ್ಮವರು ಮಾಡಿದ್ದು ಇಷ್ಟೇ’ ಎಂಬ ಮಾತು ಊರೆಲ್ಲ ಹರಡಲು ಹೆಚ್ಚು ಹೊತ್ತು ಬೇಡ. ಆಮದಿನ ಡಬ್ಬಿಯೇ ಶ್ರೇಷ್ಠ ಎಂದು ನಂಬಿದ್ದ ಊರಿನಲ್ಲಿ, ತಾನು ಕಲಿತ ಶಾಲೆಯವರೇ ಮತ್ತೆ ಮತ್ತೆ ತರಿಸಿಕೊಳ್ಳುವಂತೆ ಎಸ್ತರ್ ಮಾಡಿದ್ದರೆಂದರೆ, ಕುದಿಸುವುದರಲ್ಲಿ ಅವರ ಕೈ ಎಷ್ಟು ಪಳಗಿತ್ತು ಎಂಬುದು ಗೊತ್ತಾಗುತ್ತದೆ. ಆ ಹತ್ತು ಶಿಲ್ಲಿಂಗಿಗಿಂತ ದೊಡ್ಡ ಬಂಡವಾಳ ಅದು.

ಆರ್ಡರ್ ಸಿಕ್ಕ ಮೇಲಿನ ಕಷ್ಟ

ಅಚಿಮೋಟಾ ಶಾಲೆಗೆ ಸರಬರಾಜು ಸಿಕ್ಕಿತು. ಆಮೇಲೆ ಬ್ರಿಟಿಷರ ರಾಯಲ್ ವೆಸ್ಟ್ ಆಫ್ರಿಕನ್ ಫ್ರಾಂಟಿಯರ್ ಫೋರ್ಸ್‌ಗೆ ಮಾರ್ಮಲೇಡ್ ಮತ್ತು ಕಿತ್ತಳೆ ರಸ ಒದಗಿಸುವ ಗುತ್ತಿಗೆ. ಎರಡನೇ ಮಹಾಯುದ್ಧದ ನಡುಗಾಲ ಅದು. ಹಡಗುಗಳಲ್ಲಿ ಜಾಮಿನ ಡಬ್ಬಿಗಿಂತ ಮದ್ದುಗುಂಡಿಗೆ ಮೊದಲು ಜಾಗ. (ಇದೇ ಪಡೆಯ ತುಕಡಿಗಳು ಮುಂದೆ ನಮ್ಮ ಮಗ್ಗುಲಿನ ಬರ್ಮಾ ರಣರಂಗಕ್ಕೆ ಬಂದು ಹೋರಾಡಿದವು.) ಸ್ಥಳೀಯವಾಗಿ ಮಾಡಿಕೊಡುವವರಿಗೆ ಇದ್ದಕ್ಕಿದ್ದಂತೆ ಬಾಗಿಲು ತೆರೆಯಿತು.

ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡು ಸರಬರಾಜು, ಹಣ ತಿಂಗಳ ಕೊನೆಗೆ ಎಂದುಕೊಳ್ಳಿ. ಮೊದಲ ಕಾಸು ಕೈಗೆ ಬರುವ ಹೊತ್ತಿಗೆ ಎಂಟು ಸರಬರಾಜಿನ ಹಣ್ಣು, ಸಕ್ಕರೆ, ಸೌದೆ, ಬಾಟಲಿ, ಕೂಲಿ ಎಲ್ಲಕ್ಕೂ ನೀವೇ ದುಡ್ಡು ಹಾಕಿರಬೇಕು. ಬಿಲ್ ಇನ್ನೊಂದು ತಿಂಗಳು ಎಳೆದರೆ ಹದಿನಾರು. ನೂರಕ್ಕೆ ಇಪ್ಪತ್ತು ಲಾಭ ಇಟ್ಟುಕೊಂಡು ಮಾರಿದರೂ ಆ ಲಾಭ ಕಾಗದದ ಮೇಲಿರುತ್ತದೆ, ಸಕ್ಕರೆ ವ್ಯಾಪಾರಿ ಕಾಗದಕ್ಕೆ ಸಕ್ಕರೆ ಅಳೆಯುವುದಿಲ್ಲ. ಆರ್ಡರ್ ದೊಡ್ಡದಾದಷ್ಟೂ ಬೇಗ ಮುಳುಗುವ ಅಪಾಯ. ರಸದ ವಿಷಯದಲ್ಲಿ ಕಾಯಲೂ ಆಗುವುದಿಲ್ಲ. ಹಿಂಡಿದ ರಸವನ್ನು ಕೂಡಲೇ ಸುಮಾರು 90 ಡಿಗ್ರಿಗೆ ಕಾಯಿಸಿ ಬಿಸಿಯಲ್ಲೇ ಬಾಟಲಿ ತುಂಬದಿದ್ದರೆ, ಯೀಸ್ಟ್ ಎದ್ದು ಹುಳಿ ಬರುತ್ತದೆ, ಬಿರಡೆ ಹಾರುತ್ತದೆ. ತೊಳೆದ ಬಾಟಲಿ, ಸೌದೆ, ಕೈಗಳು ಎಲ್ಲವೂ ಒಂದೇ ದಿನ ಸಿದ್ಧವಿರಬೇಕು. ಅಂದರೆ ಅಷ್ಟಕ್ಕೂ ಅಂದೇ ದುಡ್ಡು ಬೇಕು.

ಎಸ್ತರ್ ಆ ಗುತ್ತಿಗೆಯನ್ನು ಮುಂದಿಟ್ಟುಕೊಂಡು ಬ್ಯಾಂಕಿನಿಂದ ಸಾಲ ಎತ್ತಿದರು. 1942ರಲ್ಲಿ ತವರಿನ ಹೆಸರಿನಲ್ಲೇ ಎನ್‌ಕುಲೆನು ಇಂಡಸ್ಟ್ರೀಸ್ ಶುರುವಾಯಿತು. ಇಡೀ ಕಥೆಯ ತಿರುವು ನನ್ನ ಮಟ್ಟಿಗೆ ಇದು, ಆದರೆ ಇದಕ್ಕೆ ಹೆಚ್ಚಿನ ಕಡೆ ಅರ್ಧ ವಾಕ್ಯ ಸಿಕ್ಕರೆ ಹೆಚ್ಚು. ಆಸ್ತಿಯಿಲ್ಲದ, ಇಪ್ಪತ್ತಮೂರರ ಆಸುಪಾಸಿನ ಕರಿಯ ಹೆಣ್ಣುಮಗಳಿಗೆ ವಸಾಹತಿನ ಬ್ಯಾಂಕು ಸಾಲ ಕೊಡಲು ಇದ್ದ ಆಧಾರ ಅವಳ ಮುಖವೂ ಅಲ್ಲ, ಮನೆಯೂ ಅಲ್ಲ. ಸರ್ಕಾರದ ಸೈನ್ಯವೇ ಹಣ ಕೊಡಬೇಕಾದ ಗುತ್ತಿಗೆ ಅಲ್ಲಿತ್ತು. ಅಂಥ ಗುತ್ತಿಗೆ ಕೈಯಲ್ಲಿಲ್ಲದ ಸಾವಿರಾರು ಮಾರುಕಟ್ಟೆಯ ಹೆಂಗಸರಿಗೆ ಅದೇ ಬ್ಯಾಂಕಿನ ಬಾಗಿಲು ಮುಚ್ಚಿಯೇ ಇತ್ತು. ಈ ವ್ಯತ್ಯಾಸವನ್ನು ಒಕ್ಲೂ ಮರೆಯಲಿಲ್ಲ ಎಂಬುದಕ್ಕೆ 1979ರಲ್ಲಿ ಅವರು ಮಾಡಿದ ಕೆಲಸವೇ ಸಾಕ್ಷಿ.

ಹುಳಿಯಿಂದ ಎಣ್ಣೆಗೆ

ನಡುವೆ ಒಂದು ಹೆಜ್ಜೆ ಇದೆ. 1949ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಗುಡ್ ಹೌಸ್‌ಕೀಪಿಂಗ್ ಇನ್ಸ್‌ಟಿಟ್ಯೂಟ್‌ನಿಂದ ಡಿಪ್ಲೊಮಾ ಪಡೆದ ಮೊದಲ ಕಪ್ಪು ವ್ಯಕ್ತಿ ಎಂಬ ಹೆಸರು ಬಂತು. ಎಲ್ಲರೂ ಎತ್ತಿ ಹೇಳುವುದು ಇದನ್ನೇ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ನಂತರದ್ದು, ಬ್ರಿಸ್ಟಲ್ ವಿಶ್ವವಿದ್ಯಾಲಯದ ಲಾಂಗ್ ಆಶ್ಟನ್ ಸಂಶೋಧನಾ ಕೇಂದ್ರದಲ್ಲಿ ಮಾಡಿದ ಆಹಾರ ಸಂರಕ್ಷಣೆಯ ಅಧ್ಯಯನ. ಸೇಬಿನ ಸೈಡರ್ ಮತ್ತು ಹಣ್ಣಿನ ರಸಗಳ ಮೇಲೆ ದಶಕಗಳಿಂದ ಕೆಲಸ ಮಾಡಿದ ಜಾಗ ಅದು. ರೈಬೀನಾ ಎಂಬ ಪಾನೀಯದ ಮೂಲವೂ ಅಲ್ಲೇ.

ಇದು ಯಾಕೆ ಮುಖ್ಯ? ಮಾರ್ಮಲೇಡಿಗೆ ಸಕ್ಕರೆ ಮತ್ತು ಹುಳಿಯೇ ಕಾವಲು, ತೆರೆದ ಪಾತ್ರೆ ಸಾಕು. ಆದರೆ ಎನ್‌ಕುಲೆನು ಹೆಸರಿನಲ್ಲಿ ಇಂದು ಘಾನಾದವರು ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಕೊಳ್ಳುವುದು ಎಣ್ಣೆತಾಳೆಯ ಹಣ್ಣಿನ ಸಾರಿನ ಡಬ್ಬಿ. ತಾಳೆಹಣ್ಣನ್ನು ಬೇಯಿಸಿ, ಒರಳಿನಲ್ಲಿ ಕುಟ್ಟಿ, ಬಿಸಿನೀರಿನಲ್ಲಿ ಕಿವುಚಿ ನಾರು ಮತ್ತು ಬೀಜ ಸೋಸಿದರೆ ಉಳಿಯುವ ಕೆಂಪು ಗಟ್ಟಿ ರಸವೇ ಅಲ್ಲಿನ ಮನೆಗಳ ನಿತ್ಯದ ಸಾರಿನ ತಳಹದಿ. ಇದರಲ್ಲಿ ಹುಳಿ ಇಲ್ಲ, ಸಕ್ಕರೆಯೂ ಇಲ್ಲ. ಪಿಎಚ್ 4.6ಕ್ಕಿಂತ ಮೇಲಿರುವ ಯಾವ ಪದಾರ್ಥವನ್ನೂ ಬರೀ ಕುದಿಸಿ ಡಬ್ಬಿಗೆ ಹಾಕಿದರೆ, ಗಾಳಿಯಿಲ್ಲದ ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ಪ್ರಾಣ ತೆಗೆಯುವ ವಿಷ ಉಂಟುಮಾಡಬಹುದು. 100 ಡಿಗ್ರಿ ಅದರ ಬೀಜಕಗಳಿಗೆ ಸಾಲದು. ಒತ್ತಡದ ಹಂಡೆಯಲ್ಲಿ, ಅಂದರೆ ರಿಟಾರ್ಟ್‌ನಲ್ಲಿ, ಡಬ್ಬಿಯ ನಟ್ಟನಡುವಿನ ಭಾಗವೂ 121 ಡಿಗ್ರಿ ಮುಟ್ಟಿ ಕನಿಷ್ಠ ಮೂರು ನಿಮಿಷದ ಶಾಖಕ್ಕೆ ಸಮನಾದಷ್ಟು ಬೇಯಬೇಕು. ಪದಾರ್ಥ ದಪ್ಪಗಿದ್ದಷ್ಟೂ ಶಾಖ ನಡುವಿಗೆ ನಿಧಾನವಾಗಿ ಹೋಗುತ್ತದೆ. ತೆಳು ಸಾರಿಗೆ ಸಾಕಾದ ಹೊತ್ತು ಗಟ್ಟಿ ಸಾರಿಗೆ ಸಾಕಾಗುವುದಿಲ್ಲ.

ಡಬ್ಬಿಯ ಅಂಚು ಇನ್ನೊಂದು ತಲೆನೋವು. ಮುಚ್ಚಳದ ಅಂಚು ಮತ್ತು ಡಬ್ಬಿಯ ಅಂಚು ಒಂದರೊಳಗೊಂದು ಎರಡು ಸುತ್ತು ಮಡಚಿಕೊಳ್ಳಬೇಕು. ಯಂತ್ರದ ಉರುಳೆ ಸವೆದಿದ್ದರೆ ಮಡಿಕೆ ಕೂದಲೆಳೆಯಷ್ಟು ಸಡಿಲವಾಗುತ್ತದೆ, ಕಣ್ಣಿಗೆ ಕಾಣದು. ಬೆಂದ ಡಬ್ಬಿಯನ್ನು ತಣ್ಣೀರಿಗೆ ಇಳಿಸಿದಾಗ ಒಳಗೆ ನಿರ್ವಾತ ಉಂಟಾಗಿ, ಆ ಸಂದಿಯಿಂದ ಹೊರಗಿನ ನೀರನ್ನು ಒಳಕ್ಕೆ ಹೀರುತ್ತದೆ. ತಣಿಸುವ ನೀರಿಗೆ ಕ್ಲೋರಿನ್ ಹಾಕದಿದ್ದರೆ, ಅಷ್ಟು ಹೊತ್ತು ಬೇಯಿಸಿದ್ದೆಲ್ಲ ವ್ಯರ್ಥ. ಆದ್ದರಿಂದ ಸಾಲಿನಿಂದ ಆಗಾಗ ಒಂದು ಡಬ್ಬಿ ತೆಗೆದು ಅಂಚನ್ನು ಕತ್ತರಿಸಿ ಅಳೆದು ನೋಡುತ್ತಿರಬೇಕು. ಆ ಡಬ್ಬಿಗಳ ನಷ್ಟವನ್ನು ಬೆಲೆಯಲ್ಲೇ ಸೇರಿಸಬೇಕು.

ರಿಟಾರ್ಟ್, ಅದಕ್ಕೊಂದು ಬಾಯ್ಲರ್, ಅಂಚು ಮಡಿಸುವ ಯಂತ್ರ, ಹಡಗಿನಲ್ಲಿ ಬರುವ ತವರದ ಡಬ್ಬಿ. ಬೀದಿಯ ಲಾಭದಿಂದ ಇವು ಯಾವುವೂ ಬರುವುದಿಲ್ಲ. ಅದೂ ಅಲ್ಲದೆ ಘಾನಾ 1961ರ ಕೊನೆಯಲ್ಲಿ ಆಮದು ಲೈಸೆನ್ಸ್ ಪದ್ಧತಿ ತಂದ ಮೇಲೆ, ದುಡ್ಡಿದ್ದರೂ ಡಬ್ಬಿ ತರಿಸಲು ಅನುಮತಿ ಬೇಕಾಯಿತು. ಲೈಸೆನ್ಸ್ ತಡವಾಗಿ ಹಣ್ಣಿನ ಸುಗ್ಗಿ ಕಳೆದರೆ ಆ ವರ್ಷದ ಕೆಲಸವೇ ಹೋಯಿತು. ಹೀಗಾಗಿ ಕಾರ್ಖಾನೆ ಚೆನ್ನಾಗಿ ನಡೆಸಿದರೆ ಸಾಕು ಎನ್ನುವಂತಿರಲಿಲ್ಲ, ಸರ್ಕಾರದ ಮುಂದೆ ಒಟ್ಟಾಗಿ ಕೂತು ಮಾತಾಡುವವರೂ ಬೇಕಿತ್ತು.

ಒಕ್ಕೂಟದ ಕುರ್ಚಿ

ಆ ತಯಾರಿಯನ್ನು ಒಕ್ಲೂ ಮೊದಲೇ ಮಾಡಿದ್ದರು. ಊರಿಗೆ ಮರಳಿದ ಮೇಲೆ ಸ್ಥಳೀಯ ತಯಾರಕರನ್ನು ಒಟ್ಟು ಸೇರಿಸಿದರು. 1957ರ ಮಾರ್ಚ್ 6ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು, ಮರುವರ್ಷವೇ ‘ಮೇಡ್ ಇನ್ ಘಾನಾ’ ವಸ್ತುಗಳ ಮೊದಲ ಪ್ರದರ್ಶನ. ಅದರ ಬೆನ್ನಿಗೆ ಹುಟ್ಟಿದ ಫೆಡರೇಷನ್ ಆಫ್ ಘಾನಾ ಇಂಡಸ್ಟ್ರೀಸ್‌ಗೆ 1959ರಿಂದ 1961ರವರೆಗೆ ಅವರೇ ಮೊದಲ ಅಧ್ಯಕ್ಷೆ. 1964ರಲ್ಲಿ ರಾಷ್ಟ್ರೀಯ ಆಹಾರ ಮತ್ತು ಪೌಷ್ಟಿಕತೆ ಮಂಡಳಿಯ ಕಾರ್ಯಕಾರಿ ಅಧ್ಯಕ್ಷ ಸ್ಥಾನ.

ಸ್ವತಂತ್ರ ಘಾನಾದ ಮೊದಲ ನಾಯಕ ಕ್ವಾಮೆ ನಕ್ರುಮಾ ಅವರ ಸರ್ಕಾರ ದೊಡ್ಡ ದೊಡ್ಡ ಸರ್ಕಾರಿ ಕಾರ್ಖಾನೆಗಳ ಕನಸು ಕಾಣುತ್ತಿದ್ದ ವರ್ಷಗಳಲ್ಲಿ ಖಾಸಗಿ ತಯಾರಕರ ಪರವಾಗಿ ಒಬ್ಬ ಹೆಂಗಸು ಆ ಕುರ್ಚಿಯಲ್ಲಿ ಕೂತಿದ್ದರು. ಪಶ್ಚಿಮ ಆಫ್ರಿಕದ ಮಾರುಕಟ್ಟೆಗಳಲ್ಲಿ ವ್ಯಾಪಾರ ಹೆಂಗಸರದ್ದೇ, ಅದು ಹೊಸತಲ್ಲ. ಆದರೆ ಮಾರುಕಟ್ಟೆಯ ಹೆಂಗಸರಿಗೂ ಒಕ್ಕೂಟದ ಸಭಾಂಗಣಕ್ಕೂ ನಡುವೆ ಇದ್ದ ಅಂತರ ದೊಡ್ಡದು. ಅನ್ನ, ಸಾರು ಮಾರುವ ಬೀದಿಬದಿಯ ಹೆಂಗಸು ಕಚೇರಿಯಲ್ಲಿ ಕೆಲಸ ಮಾಡುವ ಎಷ್ಟೋ ಹೆಂಗಸರಿಗಿಂತ ಹೆಚ್ಚು ಸಂಪಾದಿಸುತ್ತಾಳೆ, ಆದರೂ ಯಾರೂ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬರ್ಥದ ಮಾತನ್ನು ಒಕ್ಲೂ ಆಡಿದ್ದಾರೆ. ಆ ಹೆಂಗಸು ದುಡ್ಡು ಉಳಿಸುತ್ತಿದ್ದದ್ದು ಸುಸು ಪದ್ಧತಿಯಲ್ಲಿ. ಸುಸು ಸಂಗ್ರಹಿಸುವವನು ದಿನಾ ಅವಳ ತಾಣಕ್ಕೇ ಬಂದು ಗೊತ್ತಾದ ಮೊತ್ತ ಪಡೆಯುತ್ತಾನೆ, ತಿಂಗಳ ಕೊನೆಗೆ ಒಂದು ದಿನದ ಕಂತನ್ನು ತನ್ನ ಕೂಲಿಯೆಂದು ಮುರಿದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾನೆ. ಬಡ್ಡಿ ಬರುವುದಿಲ್ಲ, ಬದಲಿಗೆ ಉಳಿಸುವುದಕ್ಕೇ ಅವಳು ದುಡ್ಡು ತೆರುತ್ತಾಳೆ. ತಿಂಗಳೂ ತಪ್ಪದೆ ಇಷ್ಟು ಶಿಸ್ತಿನಿಂದ ಕಂತು ಕಟ್ಟುವವಳನ್ನು ‘ಸಾಲಕ್ಕೆ ಅರ್ಹಳಲ್ಲ’ ಎಂದು ಬ್ಯಾಂಕು ತಳ್ಳಿಹಾಕುವುದು ಬರೀ ಅನ್ಯಾಯವಲ್ಲ, ಕೆಟ್ಟ ಬ್ಯಾಂಕಿಂಗ್ ಕೂಡ.

ಐವತ್ತು, ಇಪ್ಪತ್ತೈದು, ಇಪ್ಪತ್ತೈದು

1975ರಲ್ಲಿ ಮೆಕ್ಸಿಕೋ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ. ಅಲ್ಲಿ ಒಕ್ಲೂ ಅವರ ಜೊತೆ ಸೇರಿದವರಲ್ಲಿ ನಮ್ಮ ಅಹಮದಾಬಾದಿನ ಇಳಾ ಭಟ್ ಇದ್ದರು, ನ್ಯೂಯಾರ್ಕಿನ ಹಣಕಾಸು ವಲಯದಿಂದ ಬಂದ ಮೈಕೆಲಾ ವಾಲ್ಷ್ ಇದ್ದರು. ಇಳಾ ಭಟ್ ಹಿಂದಿನ ವರ್ಷವಷ್ಟೇ, ತಲಾ ಹತ್ತು ರೂಪಾಯಿ ಹಾಕಿದ ನಾಲ್ಕು ಸಾವಿರ ದುಡಿಯುವ ಹೆಂಗಸರನ್ನು ಕಟ್ಟಿಕೊಂಡು ಸೇವಾ ಬ್ಯಾಂಕ್ ಶುರುಮಾಡಿದ್ದರು. ಸಹಿ ಬಾರದವರಿಗೆ ಅಲ್ಲಿ ಪಾಸ್‌ಬುಕ್ಕಿನ ಮೇಲೆ ಫೋಟೊ. ಒಬ್ಬರಿಗೆ ಸಹಕಾರಿ ಬ್ಯಾಂಕ್ ನಡೆಸುವುದು ಗೊತ್ತು, ಒಬ್ಬರಿಗೆ ದೊಡ್ಡ ಹಣ ಎಲ್ಲಿ ಹೇಗೆ ಓಡಾಡುತ್ತದೆಂದು ಗೊತ್ತು, ಒಬ್ಬರಿಗೆ ಆರ್ಡರ್ ಕೈಯಲ್ಲಿಟ್ಟುಕೊಂಡು ಸಕ್ಕರೆಗೆ ಕಾಸಿಲ್ಲದೆ ನಿಲ್ಲುವುದು ಏನೆಂದು ಗೊತ್ತು. 1979ರಲ್ಲಿ ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್ ಸ್ಥಾಪನೆಯಾಯಿತು. ಒಕ್ಲೂ ಅದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷೆ.

ಅವರು ಆರಿಸಿಕೊಂಡ ವಿಧಾನ ನೋಡಿ. ತಾವೇ ಸಾಲ ಹಂಚಲಿಲ್ಲ, ಜಾಮೀನು ನಿಂತರು. ಹೆಂಗಸೊಬ್ಬಳಿಗೆ ಸ್ಥಳೀಯ ಬ್ಯಾಂಕ್ ನೂರು ಕೊಟ್ಟು ಅದು ಮುಳುಗಿದರೆ, ಐವತ್ತನ್ನು ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್ ತುಂಬುತ್ತಿತ್ತು, ಇಪ್ಪತ್ತೈದನ್ನು ಆ ದೇಶದಲ್ಲಿದ್ದ ಅದರ ಸಹಸಂಸ್ಥೆ ತುಂಬುತ್ತಿತ್ತು, ಉಳಿದ ಇಪ್ಪತ್ತೈದು ಬ್ಯಾಂಕಿನದೇ ನಷ್ಟ. ಈ ಪಾಲುಗಳ ಹಿಂದೆ ಗಟ್ಟಿ ಯೋಚನೆ ಇದೆ. ಪೂರ್ತಿ ನೂರಕ್ಕೂ ಹೊರಗಿನವರೇ ಜಾಮೀನು ನಿಂತರೆ ಬ್ಯಾಂಕಿನವನು ಅರ್ಜಿಯನ್ನು ಓದುವುದೂ ಇಲ್ಲ, ವಸೂಲಿಗೆ ಹೋಗುವುದೂ ಇಲ್ಲ. ತನ್ನ ಕಾಲು ಭಾಗ ಸಿಕ್ಕಿಕೊಂಡಿದ್ದರೆ ಅವಳ ಅಂಗಡಿಗೆ ಹೋಗಿ ನೋಡುತ್ತಾನೆ. ಎರಡು ಮೂರು ಸಲ ಸಾಲ ಸರಿಯಾಗಿ ವಾಪಸಾದ ಮೇಲೆ ಜಾಮೀನಿಲ್ಲದೆಯೂ ಕೊಡಲು ಮನಸ್ಸು ಮಾಡುತ್ತಾನೆ. ಸ್ಥಳೀಯ ಸಂಸ್ಥೆಯ ಇಪ್ಪತ್ತೈದಕ್ಕೂ ಅರ್ಥವಿದೆ: ಯಾರು ನಿಜವಾಗಿ ವ್ಯಾಪಾರ ಮಾಡುತ್ತಾರೆ, ಯಾರು ಮದುವೆ ಖರ್ಚಿಗೆ ಸಾಲ ಕೇಳುತ್ತಿದ್ದಾರೆ ಎಂಬುದು ಊರಿನವರಿಗೆ ಗೊತ್ತು, ಅವರ ದುಡ್ಡೂ ಸೇರಿದ್ದರೆ ಗೊತ್ತಿದ್ದನ್ನು ಮುಚ್ಚಿಡುವುದಿಲ್ಲ. 1942ರಲ್ಲಿ ಸೈನ್ಯದ ಗುತ್ತಿಗೆ ಮಾಡಿದ ಕೆಲಸವನ್ನು ಇಲ್ಲಿ ಈ ಎಪ್ಪತ್ತೈದು ಮಾಡಿತು.

ಇದರಲ್ಲಿ ತೊಡಕುಗಳಿಲ್ಲವೆಂದಲ್ಲ. ಸಣ್ಣ ಸಾಲದ ಕಾಗದಪತ್ರಕ್ಕೆ ಬ್ಯಾಂಕಿಗೆ ಆಗುವ ಖರ್ಚು ದೊಡ್ಡ ಸಾಲದಷ್ಟೇ, ಬರುವ ಬಡ್ಡಿ ಮಾತ್ರ ಪುಡಿಗಾಸು. ಜಾಮೀನು ಸಿಕ್ಕಿದ್ದರೂ ಶಾಖೆಯ ಮಟ್ಟದಲ್ಲಿ ಕಡತ ತೆವಳುತ್ತದೆ, ಅಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ. ಇನ್ನು ಬೆಲೆಯೇರಿಕೆ. 1983ರಲ್ಲಿ, ಬರ ಮತ್ತು ಕಾಡ್ಗಿಚ್ಚಿನ ವರ್ಷ, ಘಾನಾದ ಹಣದುಬ್ಬರ ನೂರಕ್ಕೆ 120 ದಾಟಿತು. ಜನವರಿಯಲ್ಲಿ ನೂರು ಜಾಡಿಗೆ ಸಾಕಾಗಿದ್ದ ದುಡ್ಡು, ಮಾಲು ಮಾರಿ ಬಿಲ್ ಪಾಸಾಗಿ ವರ್ಷದ ಕೊನೆಗೆ ವಾಪಸ್ ಬಂದರೆ ಐವತ್ತಕ್ಕೂ ಸಾಲದು. ಹಾಗಿರುವಾಗ ಯಾರೂ ತಯಾರಿಕೆಗೆ ಕೈಹಾಕುವುದಿಲ್ಲ, ಬೆಳಿಗ್ಗೆ ಕೊಂಡು ಸಂಜೆ ಮಾರುವ ವ್ಯಾಪಾರಕ್ಕೇ ಎಲ್ಲ ಹಣ ಹರಿಯುತ್ತದೆ. ಜಾಮೀನು ಇದಕ್ಕೆ ಮದ್ದಲ್ಲ.

ಸಾಲದ ಜೊತೆಗೆ ಕಲಿಕೆಯೂ ಇರಬೇಕೆಂದು ಒಕ್ಲೂ ಒತ್ತಿ ಹೇಳುತ್ತಿದ್ದರು. ಬೇಸಾಯ, ಆಹಾರ ಸಂಸ್ಕರಣೆ, ಕೈಕಸುಬುಗಳ ಜೊತೆ ವ್ಯವಹಾರ ನಡೆಸುವುದನ್ನೂ ಹೆಂಗಸರಿಗೆ ಕಲಿಸಲು ವರ್ಷಗಟ್ಟಲೆ ದುಡಿದರು. ಲೆಕ್ಕ ಬರೆಯದಿದ್ದರೆ ಸಾಲ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಅನ್ನ ಸಾರು ಮಾರುವವಳು ಅಕ್ಕಿ, ಎಣ್ಣೆ, ಟೊಮ್ಯಾಟೊ ಲೆಕ್ಕ ಹಾಕುತ್ತಾಳೆ. ಸೌದೆ, ನೀರು ಹೊರುವವಳ ಕೂಲಿ, ಮನೆಯವರು ಉಂಡ ನಾಲ್ಕು ತಟ್ಟೆ, ತಳ ಹಿಡಿದು ಹೋದದ್ದು, ಎಲ್ಲಕ್ಕಿಂತ ಹೆಚ್ಚಾಗಿ ಬೆಳಗಿನ ನಾಲ್ಕರಿಂದ ದುಡಿದ ತನ್ನ ಮೈಬೆವರು, ಇವು ಲೆಕ್ಕಕ್ಕೆ ಬರುವುದೇ ಇಲ್ಲ. ಡಬ್ಬದಲ್ಲಿ ಕಾಸು ಕಂಡರೆ ಲಾಭ ಅನ್ನಿಸುತ್ತದೆ. ನಿಜವಾಗಿ ಅವಳು ನಾಳಿನ ಅಕ್ಕಿಯ ದುಡ್ಡನ್ನು ಇಂದು ಖರ್ಚು ಮಾಡುತ್ತಿರುತ್ತಾಳೆ. ಇಂಥವಳಿಗೆ ಸಾಲ ಕೊಟ್ಟರೆ ನಷ್ಟ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ, ಅಷ್ಟೇ.

ಯಾವ ಹೆಸರಿನಿಂದ ನೆನೆಯುವುದು

1990ರಲ್ಲಿ ಹಸಿವು ನೀಗಿಸುವ ನಾಯಕತ್ವಕ್ಕಾಗಿ ಕೊಡುವ ಆಫ್ರಿಕಾ ಪ್ರಶಸ್ತಿ ಒಕ್ಲೂ ಅವರಿಗೂ ನೈಜೀರಿಯಾದ ಒಲುಸೆಗುನ್ ಒಬಸಾಂಜೊ ಅವರಿಗೂ ಒಟ್ಟಿಗೆ ಬಂತು. 2002ರ ಫೆಬ್ರವರಿ 8ರಂದು ಆಕ್ರಾದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು, ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರವಾಯಿತು. ಹೊರದೇಶದ ಪತ್ರಿಕೆಗಳು ಅವರನ್ನು ಕಿರುಸಾಲದ ಹಾದಿ ತೆರೆದವರೆಂದು ನೆನೆದವು. ತಪ್ಪೇನಿಲ್ಲ. ಆದರೆ ‘ಕಿರುಸಾಲ’ ಅಂದಕೂಡಲೇ ಕೋಳಿ ಸಾಕಲು, ಹೊಲಿಗೆ ಯಂತ್ರ ಕೊಳ್ಳಲು ಕೊಡುವ ನಾಲ್ಕು ಕಾಸು ಕಣ್ಣೆದುರು ಬರುತ್ತದೆ, ಅವರ ಕಾರ್ಖಾನೆ ಮರೆಗೆ ಸರಿಯುತ್ತದೆ. ನನಗೆ ಅವರು ಮೊದಲು ತಯಾರಕಿ. 121 ಡಿಗ್ರಿಯ ಬೆಲೆ ಏನು, ತವರದ ಡಬ್ಬಿಯ ಬೆಲೆ ಏನು, ಬಿಲ್ ಪಾಸಾಗಲು ತಡವಾದ ಒಂದೊಂದು ವಾರದ ಬೆಲೆ ಏನು ಎಂದು ಬಲ್ಲವರು. ಆ ತಿಳಿವಳಿಕೆಯಿಂದಲೇ ಬ್ಯಾಂಕಿನವರ ಎದುರು ಕೂತವರು.

ಅವರು ಮೊದಲ ಅಧ್ಯಕ್ಷೆಯಾಗಿದ್ದ ಒಕ್ಕೂಟ ಈಗ ಅಸೋಸಿಯೇಷನ್ ಆಫ್ ಘಾನಾ ಇಂಡಸ್ಟ್ರೀಸ್ ಹೆಸರಿನಲ್ಲಿ ನಡೆಯುತ್ತಿದೆ. ಕಾರ್ಖಾನೆಗಳವರನ್ನು ಕೇಳಿ ಅವರ ಕಷ್ಟಗಳ ಪಟ್ಟಿಯನ್ನು ಅದು ಆಗಾಗ ಪ್ರಕಟಿಸುತ್ತದೆ. ವಿದ್ಯುತ್ತು, ತೆರಿಗೆ, ಘಾನಾದ ನಾಣ್ಯ ಸೆಡಿಯ ಬೆಲೆಕುಸಿತ ವರ್ಷಕ್ಕೊಂದು ಹಾಗೆ ಮೇಲೆ ಕೆಳಗೆ ಆಗುತ್ತಿರುತ್ತವೆ. ಸಾಲ ಸಿಗುವುದಿಲ್ಲ, ಸಿಕ್ಕರೂ ಬಡ್ಡಿ ತಾಳಲಾಗುವುದಿಲ್ಲ ಎಂಬ ದೂರು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.